ಹುತಾತ್ಮ ಮೈಲಾರ ಮಹಾದೇವಪ್ಪನವರು

ವರದಾ ನದಿಯ ದಂಡೆಯ ಮೇಲಿರುವ ಹೊಸರಿತ್ತಿಯು ಹಳ್ಳಿಕೇರಿ ಗುದ್ಲೆಪ್ಪನವರಂತಹ ದೇಶಭಕ್ತರಿಗೆ ಜನ್ಮವಿತ್ತ ಊರು. ಅದೇ ಊರಿನ ವೀರಭದ್ರ ದೇವಾಲಯದ ಬಳಿಯಲ್ಲಿ 1943ನೆಯ ಇಸವಿ ಏಪ್ರಿಲ್ 1ರಂದು ಮೂವರು ದೇಶಸೇವಕರು ಪೋಲೀಸರ ಗುಂಡಿಗೆ ಬಲಿಯಾದರು. ಅವರ ಮುಂದಾಳು ಮೈಲಾರ ಮಹಾದೇವಪ್ಪನವರು.

ಮಹಾದೇವಪ್ಪನವರು ಮೋಟೆಬೆನ್ನೂರಿನಲ್ಲಿ ಮಾರ್ತಾಂಡಪ್ಪ, ಬಸಮ್ಮ ದಂಪತಿಗಳ ಉದರದಲ್ಲಿ 1911ರ ಜೂನ್ 8ರಂದು ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಸಾಬರಮತಿ ಆಶ್ರಮವನ್ನು ಸೇರಿ, 1930ರ ಮಾರ್ಚ್ 12ರಂದು ಗಾಂಧೀಜಿಯವರೊಡನೆ ದಂಡಿಗೆ ಹೊರಟ ತಂಡದಲ್ಲಿ ಸ್ಥಾನ ಪಡೆದರು. ಆಗ ಅವರಿಗೆ ಹತ್ತೊಂಬತ್ತು ಸಹ ತುಂಬಿರಲಿಲ್ಲ. ಆ ತಂಡದಲ್ಲಿ ಕರ್ನಾಟಕದವರು ಅವರೊಬ್ಬರೇ. ಸೆರೆಮನೆ ಕಂಡು ಬಂದವರು ಮುಂದೆ ಕೊರಡೂರಿನಲ್ಲಿ ಆಶ್ರಮ ಕಟ್ಟಿ ಖಾದಿ ಹಾಗೂ ಗ್ರಾಮಸೇವೆಯ ಕಾರ್ಯದಲ್ಲಿ ತೊಡಗಿದರು. ಧರ್ಮಪತ್ನಿ ಸಿದ್ಧಮ್ಮನವರೂ ಹೋರಾಟದಲ್ಲಿ ಭಾಗಿಯಾಗಿ ಸೆರೆವಾಸ ಅನುಭವಿಸಿದರು. ಇಂತಹ ಸಂಸಾರಗಳ ಕಷ್ಟವನ್ನು ಚರಿತ್ರೆಯ ಪುಸ್ತಕಗಳು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತವೆ.

1942ರ ಚಲೇಜಾವ್ ಚಳವಳಿಯಲ್ಲಿ ನಾಯಕರೆಲ್ಲ ಬಂಧಿತರಾದಾಗ, ನೂಲುವ ಕೈಗಳೇ ಸರಕಾರದ ಆಡಳಿತಯಂತ್ರವನ್ನು ನಿಲ್ಲಿಸಲು ಮುಂದಾದವು. ರೈತರಿಂದ ವಸೂಲಾದ ಕಂದಾಯದ ಹಣವನ್ನು ಹೊಸರಿತ್ತಿಯ ದೇವಾಲಯದಲ್ಲಿ ಕಾವಲಿನಲ್ಲಿ ಇಡಲಾಗಿತ್ತು. ಅದನ್ನು ವಶಪಡಿಸಿಕೊಳ್ಳಲು ನಡೆದ ದಾಳಿಯಲ್ಲಿ ಮಹಾದೇವಪ್ಪನವರೊಡನೆ ತಿರಕಪ್ಪ ಮಡಿವಾಳರ ಹಾಗೂ ವೀರಯ್ಯ ಹಿರೇಮಠ ಅವರೂ ಅಸುನೀಗಿದರು.

ಆಳುವವರ ದೃಷ್ಟಿಯಲ್ಲಿ ಇವರು ಖಜಾನೆಯ ಮೇಲೆ ಬಿದ್ದ ಅಪರಾಧಿಗಳು; ಜನರ ಪಾಲಿಗೆ ಹುತಾತ್ಮರು. ಸತ್ತವರನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದು ಸಣ್ಣ ಮಾತಲ್ಲ. ಅರ್ಮೇನಿಯದ ಜನರು ಪ್ರತಿವರ್ಷ ಏಪ್ರಿಲ್ 24ರಂದು, 1915ರಲ್ಲಿ ತುರ್ಕಿ ಸಾಮ್ರಾಜ್ಯದಲ್ಲಿ ಆರಂಭವಾದ ತಮ್ಮವರ ಸಾಮೂಹಿಕ ಹತ್ಯೆಯನ್ನು ನೆನೆಯುತ್ತಾರೆ. ಅದನ್ನು ಜನಾಂಗಹತ್ಯೆಯೆಂದು ಒಪ್ಪಲು ತುರ್ಕಿ ಸರಕಾರ ಇಂದಿಗೂ ಸಿದ್ಧವಿಲ್ಲ. ಅಮೆರಿಕದ ಅಧ್ಯಕ್ಷರು ಆ ಶಬ್ದವನ್ನು ತಮ್ಮ ಸ್ಮರಣದಿನದ ಹೇಳಿಕೆಯಲ್ಲಿ ಬಳಸಿದ್ದು 2021ರಲ್ಲಿ. ಲಕ್ಷಾಂತರ ಜೀವಗಳು ಅಳಿದ ಆ ಘೋರಕ್ಕೂ ಹೊಸರಿತ್ತಿಯ ಘಟನೆಗೂ ಪ್ರಮಾಣದಲ್ಲಿ ಹೋಲಿಕೆಯಿಲ್ಲ. ಆದರೂ ನಮ್ಮ ಮೂವರ ಬಲಿದಾನವನ್ನು ಒಪ್ಪುವ ಸರಕಾರ ನಾಲ್ಕೇ ವರ್ಷಗಳಲ್ಲಿ ಬಂದಿತೆಂಬುದು ಪುಣ್ಯವೇ ಸರಿ.

ಹಾವೇರಿಯಲ್ಲಿ ಸ್ಮಾರಕವಾಯಿತು, 2018ರಲ್ಲಿ ಭಾರತೀಯ ಅಂಚೆ ಇಲಾಖೆಯು ಮಹಾದೇವಪ್ಪನವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಆದರೆ ಇನ್ನಿಬ್ಬರು ಅನೇಕ ಬರಹಗಳಲ್ಲಿ ‘ಸಂಗಡಿಗರು’ ಎಂಬ ಒಂದೇ ಶಬ್ದದೊಳಗೆ ಅಡಗಿಹೋಗುತ್ತಾರೆ. ಅಡ್ಡಹೆಸರುಗಳೇ ಹೇಳುವಂತೆ ಒಬ್ಬರು ಮಡಿವಾಳರ ಮನೆಯವರು, ಒಬ್ಬರು ಹಿರೇಮಠದವರು. ಶರಣರ ನಾಡಿನಲ್ಲಿ ಆ ಇಬ್ಬರೂ ಮಹಾದೇವಪ್ಪನವರ ಪಕ್ಕದಲ್ಲಿಯೇ, ಒಂದೇ ದಿನ, ಒಂದೇ ಕಾರಣಕ್ಕಾಗಿ ಬಿದ್ದರು.