ಡೊಂಕು ಕಾಲಿನ ಪುಟ್ಟ ಹಕ್ಕಿ

1958ರ ಫುಟ್‌ಬಾಲ್ ವಿಶ್ವಕಪ್‌ಗೆ ಸ್ವೀಡನ್‌ಗೆ ಹೊರಡುವ ಮುನ್ನ ಬ್ರೆಜಿಲ್ ತಂಡದವರಿಗೆ ಒಂದು ಪರೀಕ್ಷೆ ಇಟ್ಟರು. ಮೈದಾನದಲ್ಲಲ್ಲ, ಕುರ್ಚಿಯಲ್ಲಿ ಕೂತು ಪೆನ್ಸಿಲ್ ಹಿಡಿದು ಬರೆಯುವ ಪರೀಕ್ಷೆ. ಬ್ಯಾಂಕಿಂಗ್, ಎಸ್‌ಡಿಎ, ಪಿಎಸ್‌ಐ ಅಂತ ಒಂದಾದ ಮೇಲೊಂದು ಆಪ್ಟಿಟ್ಯೂಡ್ ಟೆಸ್ಟ್ ಬರೆಯುವ ನಮಗೆ ಗೊತ್ತಿರುವಂಥದ್ದೇ. ತಂಡದ ಮನಃಶಾಸ್ತ್ರಜ್ಞ ಉತ್ತರಗಳನ್ನು ತಿದ್ದಿದ. ರೈಟ್ ವಿಂಗ್‌ನಲ್ಲಿ ಆಡುವ 24ರ ಹುಡುಗನೊಬ್ಬನಿಗೆ ಬಂದದ್ದು 123ಕ್ಕೆ 38. ಊರಿನ ಬಸ್ ಓಡಿಸುವ ಕೆಲಸಕ್ಕೂ ಈ ಅಂಕ ಸಾಲದು ಎಂಬ ಮಾತು ಹಬ್ಬಿತು. ಇಂಥವನು ವಿಶ್ವಕಪ್‌ನ ಒತ್ತಡ ತಡೆಯಲಾರ ಎಂದು ವರದಿ ಹೋಯಿತು. ಆಗಿನ್ನೂ 17 ತುಂಬಿದ್ದ ಇನ್ನೊಬ್ಬ ಹುಡುಗನ ಬಗ್ಗೆಯೂ ಅದೇ ಅಭಿಪ್ರಾಯ, ಇವನದು ಮಗುವಿನ ಬುದ್ಧಿ ಅಂತ. ಆ ಎರಡನೆಯವನು ಪೆಲೆ. ಕೋಚ್ ವಿಸೆಂಟ್ ಫಿಯೋಲಾ ವರದಿ ಓದಿ ಪಕ್ಕಕ್ಕಿಟ್ಟರು. ಇಬ್ಬರೂ ವಿಮಾನ ಹತ್ತಿದರು.

ಪೆಲೆಯ ಕಥೆ ನಮಗೆಲ್ಲ ಗೊತ್ತು. ಬೆಂಗಳೂರಿನ ಗೌತಮಪುರದಲ್ಲಿ ಆತನ ಪ್ರತಿಮೆಯೇ ಇದೆ. ಆದರೆ ಪೆಲೆಯ ಪಕ್ಕದಲ್ಲೇ ಆಡಿದ ಆ 38 ಅಂಕದ ಗರಿಂಚಾ ಬಗ್ಗೆ ನಮ್ಮ ಹಾಸ್ಟೆಲ್ ಚರ್ಚೆಗಳಲ್ಲಿ ಮಾತೇ ಬರುವುದಿಲ್ಲ. ರಾತ್ರಿ ಮೆಸ್ಸಿ ದೊಡ್ಡವನೋ ರೊನಾಲ್ಡೊ ದೊಡ್ಡವನೋ ಎಂದು ಗಂಟಲು ಹರಿದುಕೊಳ್ಳುವ ಗೆಳೆಯರಿಗೆ ನಾನು ಮೊದಲು ತೋರಿಸುವುದು ಇವನ ಕಪ್ಪು-ಬಿಳುಪು ವಿಡಿಯೊಗಳನ್ನೇ. ಚಿತ್ರ ಮಸುಕು, ಚೆಂಡು ಸರಿಯಾಗಿ ಕಾಣುವುದಿಲ್ಲ. ಆದರೂ ಎರಡೇ ನಿಮಿಷಕ್ಕೆ ರೂಮಿನಲ್ಲಿ ನಗು ಶುರುವಾಗುತ್ತದೆ. ಫುಟ್‌ಬಾಲ್ ನೋಡಿ ನಗು ಬರುವುದು ಅಪರೂಪ.

ಹೆಸರು ಮನೊಯೆಲ್ ಫ್ರಾನ್ಸಿಸ್ಕೊ ದೋಸ್ ಸಾಂತೋಸ್. ಹುಟ್ಟಿದ್ದು 1933ರ ಅಕ್ಟೋಬರ್‌ನಲ್ಲಿ, ರಿಯೊ ನಗರದಿಂದ ಸ್ವಲ್ಪ ದೂರದ ಪಾವ್ ಗ್ರಾಂಜಿ ಎಂಬ ಊರಲ್ಲಿ. ಊರು ಅನ್ನುವುದಕ್ಕಿಂತ ಬಟ್ಟೆ ಮಿಲ್ಲಿನ ಕಾಲೊನಿ ಅನ್ನಬೇಕು. ಮನೆ, ಶಾಲೆ, ಫುಟ್‌ಬಾಲ್ ಮೈದಾನ ಎಲ್ಲವೂ ಮಿಲ್ಲಿನದ್ದೇ. ಅಪ್ಪ ಅಲ್ಲೇ ಕಾವಲುಗಾರ, ವಿಪರೀತ ಕುಡಿತ. ಹುಡುಗನ ಎರಡೂ ಕಾಲು ಒಂದೇ ಕಡೆಗೆ ಬಾಗಿದ್ದವು. ಬಲಗಾಲು ಒಳಗೆ, ಎಡಗಾಲು ಹೊರಗೆ. ಸಾಲದ್ದಕ್ಕೆ ಒಂದು ಕಾಲು ಇನ್ನೊಂದಕ್ಕಿಂತ 6 ಸೆಂ.ಮೀ. ಚಿಕ್ಕದು. ನೇರ ನಿಂತರೂ ಜೋರು ಗಾಳಿಗೆ ವಾಲಿದ ಗಿಡದಂತೆ ಕಾಣುತ್ತಿದ್ದ. ಆಳೂ ಸಣ್ಣ. ಅಕ್ಕ ಅವನನ್ನು ಗರಿಂಚಾ ಎಂದು ಕರೆದಳು. ಅದು ಆ ಕಡೆಯ ಒಂದು ಪುಟ್ಟ ಕಂದು ಹಕ್ಕಿಯ ಹೆಸರು. ಹಕ್ಕಿ ಹಿಡಿಯುವುದೂ ಹುಡುಗನ ದೊಡ್ಡ ಹುಚ್ಚಾಗಿತ್ತು.

14ನೇ ವಯಸ್ಸಿಗೆ ಮಿಲ್ಲಿಗೆ ಸೇರಿದ. ಕೆಲಸಗಾರನಾಗಿ ಅವನು ಯಾವುದಕ್ಕೂ ಬಾರದವನು. ಚಕ್ಕರ್ ಹೊಡೆಯುವುದು, ಹತ್ತಿ ತುಂಬಿದ ಪೆಟ್ಟಿಗೆಯೊಳಗೆ ನಿದ್ದೆ ಮಾಡುವುದು. ಒಮ್ಮೆ ಕೆಲಸದಿಂದ ತೆಗೆದೂ ಹಾಕಿದರು. ಆದರೆ ಮಿಲ್ಲಿನ ಫುಟ್‌ಬಾಲ್ ತಂಡಕ್ಕೆ ಅವನಿಲ್ಲದೆ ನಡೆಯುತ್ತಿರಲಿಲ್ಲ, ಹಾಗಾಗಿ ಮತ್ತೆ ಕರೆದುಕೊಂಡರು. ನಮ್ಮಲ್ಲಿ ಸ್ಪೋರ್ಟ್ಸ್ ಕೋಟಾ ಅಂತೀವಲ್ಲ, ಅದರ ಹಳ್ಳಿ ಆವೃತ್ತಿ.

ದೊಡ್ಡ ಕ್ಲಬ್ ಸೇರಬೇಕೆಂಬ ಆಸೆ ಅವನಿಗಿಂತ ಸುತ್ತಲಿನವರಿಗೇ ಹೆಚ್ಚಿತ್ತು. ಒಂದು ಕ್ಲಬ್ಬಿನ ಟ್ರಯಲ್‌ಗೆ ಬೂಟಿಲ್ಲದೆ ಹೋಗಿ ಹಾಗೇ ವಾಪಸ್ ಬಂದನಂತೆ. ಇನ್ನೊಂದು ಕಡೆ ಊರಿಗೆ ಕೊನೆಯ ರೈಲು ತಪ್ಪುತ್ತದೆ ಎಂದು ಟ್ರಯಲ್ ಮುಗಿಯುವ ಮೊದಲೇ ಎದ್ದು ಬಂದನಂತೆ. 1953ರಲ್ಲಿ ಯಾರದೋ ಒತ್ತಾಯಕ್ಕೆ ರಿಯೊದ ಬೊಟಫೊಗೊ ಕ್ಲಬ್ಬಿಗೆ ಹೋದ. ಅಲ್ಲಿ ಅವನನ್ನು ತಡೆಯಲು ನಿಂತವರು ನಿಲ್ಟನ್ ಸಾಂತೋಸ್, ಆಗಲೇ ರಾಷ್ಟ್ರೀಯ ತಂಡದಲ್ಲಿದ್ದ ಡಿಫೆಂಡರ್. ಹಳ್ಳಿ ಹುಡುಗ ಅವರನ್ನು ದಾಟಿದ್ದಷ್ಟೇ ಅಲ್ಲ, ಅವರ ಕಾಲುಗಳ ಸಂದಿಯಿಂದಲೇ ಚೆಂಡು ತೂರಿಸಿದ. ಬೇರೆಯವರಾಗಿದ್ದರೆ ಅವಮಾನ ಎಂದುಕೊಳ್ಳುತ್ತಿದ್ದರೇನೋ. ನಿಲ್ಟನ್ ಸಾಂತೋಸ್ ಮಾತ್ರ ಆಡಳಿತದವರ ಹತ್ತಿರ ಹೋಗಿ, ಇವನನ್ನು ಈಗಲೇ ಸೇರಿಸಿಕೊಳ್ಳಿ, ಎದುರಾಳಿ ತಂಡದಲ್ಲಿ ಇವನನ್ನು ನೋಡಲು ನನಗಿಷ್ಟವಿಲ್ಲ ಎಂಬರ್ಥದ ಮಾತು ಹೇಳಿದರು. ನನ್ನ ಮಟ್ಟಿಗೆ ಈ ಕಥೆಯಲ್ಲಿ ಗರಿಂಚಾನಷ್ಟೇ ದೊಡ್ಡವರು ಅವರು. ಅದೇ ವರ್ಷ ಜುಲೈನಲ್ಲಿ ಕ್ಲಬ್ಬಿಗಾಗಿ ಆಡಿದ ಮೊದಲ ಪಂದ್ಯದಲ್ಲೇ ಹುಡುಗ ಮೂರು ಗೋಲು ಹೊಡೆದ.

ಅವನ ಆಟದ ಗುಟ್ಟು ಎಲ್ಲರಿಗೂ ಗೊತ್ತಿತ್ತು. ಅದೇ ಮಜಾ. ಬಲ ಅಂಚಿನಲ್ಲಿ ಚೆಂಡು ಸಿಕ್ಕಿದರೆ ಓಡುತ್ತಿರಲಿಲ್ಲ, ನಿಂತುಬಿಡುತ್ತಿದ್ದ. ಚೆಂಡೂ ನಿಂತಿದೆ, ಇವನೂ ನಿಂತಿದ್ದಾನೆ, ಎದುರಿಗೆ ಡಿಫೆಂಡರ್. ಮೈಯನ್ನು ಎಡಕ್ಕೆ ವಾಲಿಸುತ್ತಾನೆ. ಡಿಫೆಂಡರ್ ಎಡಕ್ಕೆ ಜರುಗುತ್ತಾನೆ. ಚೆಂಡು ಅಲ್ಲೇ ಇದೆ. ಇನ್ನೊಮ್ಮೆ ವಾಲಿಸುತ್ತಾನೆ, ಮತ್ತೊಮ್ಮೆ. ಆಮೇಲೆ ಬಲಕ್ಕೆ ಹಾರಿ ಹೋಗುತ್ತಾನೆ. ಪ್ರತಿ ಸಲವೂ ಹೆಚ್ಚುಕಡಿಮೆ ಬಲಕ್ಕೇ! ಬಲಕ್ಕೇ ಹೋಗುತ್ತಾನೆಂದು ಗೊತ್ತಿದ್ದೂ ಯಾಕೆ ತಡೆಯಲಾಗಲಿಲ್ಲ? ಡಿಫೆಂಡರ್‌ಗಳು ಎದುರಾಳಿಯ ಮೊಣಕಾಲು, ಸೊಂಟ ನೋಡಿ ದಿಕ್ಕು ಊಹಿಸುತ್ತಾರೆ. ಇವನ ಕಾಲುಗಳೋ ಹುಟ್ಟಿನಿಂದಲೇ ತಪ್ಪು ದಿಕ್ಕು ತೋರಿಸುತ್ತಿದ್ದವು. ಮೈಯ ಭಾರ ಯಾವ ಕಾಲಿನ ಮೇಲಿದೆ ಎಂದು ಓದಲು ಆಗುತ್ತಿರಲಿಲ್ಲ. ಜೊತೆಗೆ ನಿಂತ ಜಾಗದಿಂದ ಒಂದೇ ಹೆಜ್ಜೆಗೆ ಪೂರ್ತಿ ವೇಗ. ಒಬ್ಬನನ್ನು ದಾಟಿ, ಅವನು ಎದ್ದು ಬರಲಿ ಎಂದು ಕಾದು, ಅವನನ್ನೇ ಮತ್ತೆ ದಾಟುವುದೂ ಇತ್ತು. ಮೆಕ್ಸಿಕೊದಲ್ಲಿ ಅರ್ಜೆಂಟೀನಾದ ರಿವರ್ ಪ್ಲೇಟ್ ವಿರುದ್ಧ ಆಡಿದಾಗ, ಗೂಳಿ ಕಾಳಗದಲ್ಲಿ ಕೂಗುವಂತೆ ಜನ ಪ್ರತಿ ಸಲವೂ ಓಲೆ ಎಂದು ಕೂಗಿದರು. ಫುಟ್‌ಬಾಲ್ ಮೈದಾನಕ್ಕೆ ಆ ಕೂಗು ಬಂದದ್ದೇ ಅಂದು ಎನ್ನುವವರಿದ್ದಾರೆ.

ಈ ಚೇಷ್ಟೆ ಎಲ್ಲರಿಗೂ ಹಿಡಿಸುತ್ತಿರಲಿಲ್ಲ. ವಿಶ್ವಕಪ್‌ಗೆ ಮುಂಚೆ ಇಟಲಿಯ ಫಿಯೊರೆಂಟಿನಾ ವಿರುದ್ಧದ ಅಭ್ಯಾಸ ಪಂದ್ಯದಲ್ಲಿ ಡಿಫೆಂಡರ್‌ಗಳನ್ನೂ ಗೋಲ್‌ಕೀಪರ್‌ನನ್ನೂ ದಾಟಿ, ಖಾಲಿ ಗೋಲಿನ ಮುಂದೆ ನಿಂತು, ಓಡಿಬಂದ ಇನ್ನೊಬ್ಬನನ್ನೂ ಯಾಮಾರಿಸಿ ಆಮೇಲೆ ಚೆಂಡನ್ನು ಒಳಗೆ ತಳ್ಳಿದ. ತಂಡದವರಿಗೇ ಸಿಟ್ಟು ಬಂತು. ಸ್ವೀಡನ್‌ನಲ್ಲಿ ಮೊದಲೆರಡು ಪಂದ್ಯ ಅವನನ್ನು ಹೊರಗೆ ಕೂರಿಸಲು ಇದೇ ಕಾರಣ ಎಂದು ಹಲವರು ಬರೆದಿದ್ದಾರೆ. ಇಂಗ್ಲೆಂಡ್ ಜೊತೆ ಗೋಲಿಲ್ಲದೆ ಪಂದ್ಯ ಮುಗಿದಾಗ ಬೇರೆ ದಾರಿ ಉಳಿಯಲಿಲ್ಲ. ಜೂನ್ 15ರಂದು ಸೋವಿಯತ್ ಒಕ್ಕೂಟದ ವಿರುದ್ಧ ಗರಿಂಚಾ, ಪೆಲೆ ಇಬ್ಬರೂ ವಿಶ್ವಕಪ್‌ಗೆ ಕಾಲಿಟ್ಟರು. ಅತ್ತ ಗೋಲಿನಲ್ಲಿ ಲೆವ್ ಯಾಶಿನ್. ಶುರುವಾದ ನಿಮಿಷದೊಳಗೆ ಗರಿಂಚಾ ಹೊಡೆದ ಚೆಂಡು ಗೋಲಿನ ಕಂಬಕ್ಕೆ ಬಡಿಯಿತು. ಪೆಲೆ ಹೊಡೆದದ್ದೂ ಅಷ್ಟೇ. ಮೂರನೇ ನಿಮಿಷಕ್ಕೆ ವಾವಾ ಗೋಲು. ಬ್ರೆಜಿಲ್ 2-0. ಫೈನಲ್‌ನಲ್ಲಿ ಸ್ವೀಡನ್ ಮೊದಲು ಗೋಲು ಹೊಡೆದಾಗ ಬಲ ಅಂಚಿನಿಂದ ನುಗ್ಗಿ ಎರಡು ಬಾರಿ ವಾವಾನ ಕಾಲಿಗೆ ಚೆಂಡು ಕೊಟ್ಟವನು ಇವನೇ. 5-2. ಬ್ರೆಜಿಲ್‌ಗೆ ಮೊದಲ ವಿಶ್ವಕಪ್.

ಇಲ್ಲೊಂದು ಮಾತು. ಗರಿಂಚಾ ದಡ್ಡ ಎಂದು ತೋರಿಸುವ ಹಾಸ್ಯಕಥೆಗಳು ಬೇಕಾದಷ್ಟಿವೆ. ಸ್ವೀಡನ್‌ನಲ್ಲಿ ಕೊಂಡ ರೇಡಿಯೊ ಸ್ವೀಡಿಷ್ ಮಾತ್ರ ಮಾತಾಡುತ್ತದೆ ಎಂದು ನಂಬಿ ಅಗ್ಗಕ್ಕೆ ಮಾರಿದ ಕಥೆ, ಎದುರಾಳಿಗಳನ್ನೆಲ್ಲ ಜೊವಾವ್ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದ ಕಥೆ. ಇಂಥವುಗಳಲ್ಲಿ ಕೆಲವನ್ನು ಪತ್ರಕರ್ತರೇ ಕಟ್ಟಿದ್ದು ಎಂದು 1995ರಲ್ಲಿ ಅವನ ಜೀವನಚರಿತ್ರೆ ಬರೆದ ರುಯ್ ಕಾಸ್ಟ್ರೊ ತೋರಿಸಿದ್ದಾರೆ. ಬಡ ಮಿಲ್ ಕಾರ್ಮಿಕನೊಬ್ಬ ಮೈದಾನದಲ್ಲಿ ಜಗತ್ತನ್ನೇ ಮೂರ್ಖ ಮಾಡುತ್ತಿದ್ದಾಗ, ಮೈದಾನದ ಹೊರಗೆ ಅವನನ್ನು ಮೂರ್ಖನಾಗಿ ನೋಡುವುದು ಕೆಲವರಿಗೆ ಸಮಾಧಾನ ಕೊಡುತ್ತಿತ್ತೇನೋ.

1962, ಚಿಲಿ. ಎರಡನೇ ಪಂದ್ಯದಲ್ಲೇ ಪೆಲೆಗೆ ಗಾಯ. ಕಪ್ ಕೈಬಿಟ್ಟಿತು ಎಂದು ಎಲ್ಲರೂ ಅಂದುಕೊಂಡಿದ್ದಾಗ ಗರಿಂಚಾ ಒಬ್ಬನೇ ತಂಡವನ್ನು ಹೊತ್ತ. ಇಂಗ್ಲೆಂಡ್ ವಿರುದ್ಧ ಎರಡು ಗೋಲು. ಒಂದನ್ನು ಹೊಡೆದದ್ದು ತಲೆಯಿಂದ, ಅದೂ ಆ ಸಣ್ಣ ಆಳು! ಅದೇ ಪಂದ್ಯದಲ್ಲಿ ಬೀದಿನಾಯಿಯೊಂದು ಮೈದಾನಕ್ಕೆ ನುಗ್ಗಿ ಗರಿಂಚಾನನ್ನೂ ತಪ್ಪಿಸಿಕೊಂಡು ಓಡಿತು. ಕೊನೆಗೆ ಇಂಗ್ಲೆಂಡಿನ ಜಿಮ್ಮಿ ಗ್ರೀವ್ಸ್ ಮಂಡಿಯೂರಿ ಹಿಡಿದರೆ ಅವರ ಅಂಗಿಯ ಮೇಲೇ ಉಚ್ಚೆ ಹೊಯ್ಯಿತು. ಆ ನಾಯಿ ಗರಿಂಚಾನ ಪಾಲಾಗಿ ಬ್ರೆಜಿಲ್‌ಗೆ ಬಂತು. ಸೆಮಿಫೈನಲ್‌ನಲ್ಲಿ ಆತಿಥೇಯ ಚಿಲಿ ವಿರುದ್ಧ ಮತ್ತೆರಡು ಗೋಲು. ಒದೆ ತಿಂದು ತಿಂದು ಸಾಕಾಗಿ ಕೊನೆಗೆ ಒಬ್ಬನಿಗೆ ತಿರುಗಿಸಿ ಕೊಟ್ಟು ಹೊರಹಾಕಿಸಿಕೊಂಡ. ಫೈನಲ್ ಆಡುವಂತಿರಲಿಲ್ಲ. ಬ್ರೆಜಿಲ್ ಪ್ರಧಾನಿಯ ಮಟ್ಟದಲ್ಲೇ ಓಡಾಟ ನಡೆದು ಅವಕಾಶ ಸಿಕ್ಕಿತು. ಅದು ನ್ಯಾಯವೇ ಎಂದು ಕೇಳಿದರೆ, ಅಭಿಮಾನಿಯಾದ ನಾನು ಉತ್ತರ ಕೊಡುವುದಿಲ್ಲ. ಜ್ವರದಲ್ಲೇ ಫೈನಲ್ ಆಡಿದ. ಚೆಕೊಸ್ಲೊವಾಕಿಯಾ ವಿರುದ್ಧ 3-1.

ಅಲ್ಲಿಂದ ಮುಂದಿನದ್ದು ಇಳಿಜಾರು. ಆ ಡೊಂಕು ಮೊಣಕಾಲುಗಳು ಸವೆದಿದ್ದವು. ಗರಿಂಚಾ ಆಡಿದರೆ ವಿದೇಶಿ ಪ್ರದರ್ಶನ ಪಂದ್ಯಗಳಿಗೆ ಕ್ಲಬ್ಬಿಗೆ ಹೆಚ್ಚು ಹಣ, ಆಡದಿದ್ದರೆ ಕಡಿಮೆ. ಹಾಗಾಗಿ ವಿಶ್ರಾಂತಿಯ ಬದಲು ಇಂಜೆಕ್ಷನ್ ಚುಚ್ಚಿ ಆಡಿಸಿದರು. ಅವನೋ ಸಂಬಳದ ಅಂಕಿ ತುಂಬದ ಖಾಲಿ ಕರಾರು ಪತ್ರಕ್ಕೆ ಸಹಿ ಹಾಕುತ್ತಿದ್ದವನು. ತನ್ನಿಂದ ಯಾರು ಎಷ್ಟು ದುಡಿಯುತ್ತಿದ್ದಾರೆ ಎಂದು ಕೇಳಲೇ ಇಲ್ಲ. ಬಂದ ಹಣವನ್ನೂ ಮನೆಯ ಡ್ರಾಯರ್‌ಗಳಲ್ಲಿ, ಮಕ್ಕಳ ಹಾಸಿಗೆಯಡಿ ತುರುಕಿಡುತ್ತಿದ್ದ, ಬೆಲೆಯೇರಿಕೆಯ ಬ್ರೆಜಿಲ್‌ನಲ್ಲಿ ಆ ನೋಟುಗಳು ಅಲ್ಲೇ ಬೆಲೆ ಕಳೆದುಕೊಂಡವು ಎನ್ನುತ್ತಾರೆ. ಆಫರ್ ಲೆಟರ್ ಓದದೆ ಸಹಿ ಹಾಕಿ ಬಾಂಡ್‌ನಲ್ಲಿ ಸಿಕ್ಕಿಬಿದ್ದ ನಮ್ಮ ಸೀನಿಯರ್‌ಗಳು ನೆನಪಾಗುತ್ತಾರೆ.

ಇದೇ ಹೊತ್ತಿಗೆ ಅವನ ಬದುಕಿಗೆ ಬಂದವಳು ಸಾಂಬಾ ಗಾಯಕಿ ಎಲ್ಜಾ ಸೋರೆಸ್. ರಿಯೊದ ಕೊಳೆಗೇರಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಮದುವೆಯಾಗಿ, ಹಸಿವಿಗೆ ಮಗುವನ್ನು ಕಳೆದುಕೊಂಡಿದ್ದ ಹೆಣ್ಣು. 1953ರಲ್ಲಿ ಕಾಯಿಲೆ ಬಿದ್ದ ಮಗನ ಔಷಧಿಗೆ ಹಣ ಬೇಕೆಂದು ರೇಡಿಯೊ ಹಾಡಿನ ಸ್ಪರ್ಧೆಗೆ ಹೋದಾಗ, ಮೈಗಿಂತ ದೊಡ್ಡದಾದ ಆಕೆಯ ಬಟ್ಟೆ ನೋಡಿ ನಿರೂಪಕ ಯಾವ ಗ್ರಹದಿಂದ ಬಂದೆ ಎಂದು ಗೇಲಿ ಮಾಡಿದ. ಆಕೆಯ ಉತ್ತರದಲ್ಲಿ ಹಸಿವಿನ ಹೆಸರಿತ್ತು. ನಗುತ್ತಿದ್ದ ಸಭಾಂಗಣ ಸುಮ್ಮನಾಯಿತು. ಗರಿಂಚಾ ಪತ್ನಿಯನ್ನೂ ಎಂಟು ಹೆಣ್ಣುಮಕ್ಕಳನ್ನೂ ಬಿಟ್ಟು ಎಲ್ಜಾ ಜೊತೆ ಹೋದಾಗ ದೇಶವೇ ಕೆರಳಿತು. ಬಿಟ್ಟು ಹೋದವನು ಅವನು, ಆದರೆ ಬೈಗುಳ ತಿಂದದ್ದು ಹೆಚ್ಚಾಗಿ ಆಕೆ. ಮನೆಯ ಮೇಲೆ ಕಲ್ಲು ಬಿದ್ದವು. ಮಿಲಿಟರಿ ಆಡಳಿತದ ಕಾಲದಲ್ಲಿ ಗುಂಡಿನ ದಾಳಿಯೂ ನಡೆದು ಇಬ್ಬರೂ ಇಟಲಿಗೆ ಹೋಗಿ ನೆಲೆಸಬೇಕಾಯಿತು.

ಬ್ರೆಜಿಲ್ ತಂಡದಲ್ಲಿ ಅವನ ಆಟದ ಕೊನೆ 1966ರಲ್ಲಿ ಬಂತು. ಇಂಗ್ಲೆಂಡಿನ ವಿಶ್ವಕಪ್‌ನಲ್ಲಿ ಬಲ್ಗೇರಿಯಾ ವಿರುದ್ಧ ಪೆಲೆ ಒಂದು, ಗರಿಂಚಾ ಒಂದು ಗೋಲು. ಇಬ್ಬರೂ ಜೊತೆಯಾಗಿ ಆಡಿದ ಕೊನೆಯ ಪಂದ್ಯವದು. ಇಬ್ಬರೂ ಇದ್ದ 40 ಪಂದ್ಯಗಳಲ್ಲಿ ಬ್ರೆಜಿಲ್ ಒಂದನ್ನೂ ಸೋಲಲಿಲ್ಲ. ಮುಂದಿನ ಪಂದ್ಯದಲ್ಲಿ ಪೆಲೆ ಇಲ್ಲ, ಹಂಗೆರಿ 3-1ರಿಂದ ಗೆದ್ದಿತು. ಗರಿಂಚಾನ 50ನೇ ಅಂತರರಾಷ್ಟ್ರೀಯ ಪಂದ್ಯ ಅದು. ಅವನು ಕಂಡ ಒಂದೇ ಸೋಲು, ಅದೇ ಕೊನೆ.

ಅಪ್ಪನನ್ನು ಹಿಡಿದ ಕುಡಿತ ಮಗನನ್ನೂ ಹಿಡಿದಿತ್ತು. 1969ರಲ್ಲಿ ಅವನು ಓಡಿಸುತ್ತಿದ್ದ ಕಾರು ಅಪಘಾತಕ್ಕೀಡಾಗಿ ಎಲ್ಜಾಳ ತಾಯಿ ತೀರಿಕೊಂಡರು. ಕುಡಿದು ಎಲ್ಜಾಳ ಮೇಲೆ ಕೈ ಮಾಡುತ್ತಿದ್ದ. ಅಭಿಮಾನಿಗಳು ಇದನ್ನು ಅವನ ನೋವಿನ ಖಾತೆಗೆ ಹಾಕಿ ಮುಂದೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಹೊಡೆತ ಬಿದ್ದದ್ದು ಅವನಿಗಲ್ಲ. 1977ರಲ್ಲಿ ಆಕೆ ಬಿಟ್ಟು ಹೊರಟಳು. 1980ರ ಕಾರ್ನಿವಲ್ ಮೆರವಣಿಗೆಯಲ್ಲಿ ಮಾಂಗೇರಾ ಸಾಂಬಾ ಶಾಲೆಯವರು ಅವನನ್ನು ರಥದ ಮೇಲೆ ಕೂರಿಸಿದರು. ಔಷಧಿಯ ಮಂಪರಿನಲ್ಲಿ ಕೈ ಬೀಸಲೂ ಆಗದೆ ಕೂತಿದ್ದ. ನೋಡಲು ಬಂದವರಿಗೆ ಗುರುತು ಹಿಡಿಯುವುದೇ ಕಷ್ಟವಾಯಿತು.

1983ರ ಜನವರಿ 20ರಂದು, 49ನೇ ವಯಸ್ಸಿಗೆ, ರಿಯೊದಲ್ಲಿ ಸತ್ತ. ದೇಹವನ್ನು ಮರಕಾನಾ ಕ್ರೀಡಾಂಗಣದಲ್ಲಿಟ್ಟರು. ಅಲ್ಲಿಂದ ಅಗ್ನಿಶಾಮಕ ವಾಹನದಲ್ಲಿ ಪಾವ್ ಗ್ರಾಂಜಿಗೆ ಒಯ್ಯುವಾಗ ದಾರಿಯುದ್ದಕ್ಕೂ ಜನ. ಸಮಾಧಿಯ ಮೇಲೆ ಅವನನ್ನು ಜನರ ಸಂತೋಷ ಎಂದು ಕೆತ್ತಿದರು. ಬ್ರೆಜಿಲ್ ರಾಜಧಾನಿಯ ಭಾರೀ ಕ್ರೀಡಾಂಗಣಕ್ಕೆ ಅವನ ಹೆಸರಿದೆ. 2014ರ ವಿಶ್ವಕಪ್ ಪಂದ್ಯಗಳು ಅಲ್ಲಿ ನಡೆದವು. ಆದರೆ 2017ರಲ್ಲಿ ವಿಚಾರಿಸಿದಾಗ ಅವನ ಮೂಳೆಗಳು ಸ್ಮಶಾನದಲ್ಲಿ ಎಲ್ಲಿವೆ ಎಂದು ಖಚಿತವಾಗಿ ಹೇಳಲು ಅಲ್ಲಿನವರಿಗೆ ಆಗಲಿಲ್ಲ. ಸತ್ತ ಮೇಲೂ ಎಲ್ಲರನ್ನೂ ಎಡಕ್ಕೆ ಕಳಿಸಿ ತಾನು ಬಲಕ್ಕೆ ಹೋದ ಅಂದುಕೊಳ್ಳಬಹುದು, ನಗು ಬಂದರೆ.

ಎಲ್ಜಾ ಮಾತ್ರ ಹಾಡುತ್ತಲೇ ಇದ್ದಳು. ಇಳಿವಯಸ್ಸಿನಲ್ಲಿ ಸಾಂಬಾದ ಜೊತೆ ರ‍್ಯಾಪ್, ರಾಕ್, ಎಲೆಕ್ಟ್ರಾನಿಕ್ ಸದ್ದು ಬೆರೆಸಿದಳು. 2015ರ ಆಲ್ಬಮ್‌ನಲ್ಲಿ, ಹೊಡೆಯಲು ಬರುವ ಗಂಡಸಿನ ವಿರುದ್ಧ ಪೊಲೀಸರಿಗೆ ಫೋನ್ ಮಾಡುವ ಹೆಣ್ಣಿನ ಹಾಡಿದೆ. ಆಗ ಆಕೆಗೆ 80 ದಾಟಿತ್ತು. ಮರುವರ್ಷ ಆ ಆಲ್ಬಮ್‌ಗೆ ಲ್ಯಾಟಿನ್ ಗ್ರ್ಯಾಮಿ ಬಂತು. ಗರಿಂಚಾನ ವಿಡಿಯೊ ನೋಡಿದ ಮೇಲೆ ಆ ಹಾಡನ್ನೂ ಹಾಕಿ ಕೇಳಿ. ಎಲ್ಜಾ ತೀರಿಕೊಂಡದ್ದು 2022ರಲ್ಲಿ, 91ನೇ ವಯಸ್ಸಿಗೆ. ದಿನ ಜನವರಿ 20.