ಆಕ್ಸಿಟೋಸಿನ್ ಇಂಜೆಕ್ಷನ್ ಹಾಲನ್ನು ಹೆಚ್ಚಿಸುತ್ತದೆಯೇ? ಹಾಲು ಕರೆಯುತ್ತಿದ್ದ ನೊಬೆಲ್ ವಿಜ್ಞಾನಿಯ ಬದುಕಿನಲ್ಲಿದೆ ಉತ್ತರ

ಹಾಲು ಹೆಚ್ಚಿಸಲು ಹಸುಗಳಿಗೆ ಆಕ್ಸಿಟೋಸಿನ್ ಚುಚ್ಚುತ್ತಾರೆ, ಆ ಹಾಲು ಕುಡಿದ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರೆ ಎನ್ನುವ ಮೆಸೇಜ್ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ನಿಜವೆಷ್ಟು? ತಿಳಿಯಲು ನಾವು ಈ ಹಾರ್ಮೋನನ್ನು ಮೊದಲು ಲ್ಯಾಬಿನಲ್ಲಿ ತಯಾರಿಸಿದ ವಿನ್ಸೆಂಟ್ ಡು ವಿನ್ಯೋ ಅವರ ಬದುಕನ್ನು ನೋಡೋಣ.

ಕೊಟ್ಟಿಗೆಯಿಂದ ಲ್ಯಾಬಿಗೆ

ಡು ವಿನ್ಯೋ ಹುಟ್ಟಿದ್ದು 1901ರಲ್ಲಿ, ಅಮೆರಿಕದ ಶಿಕಾಗೋದಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಹೈಸ್ಕೂಲ್ ಹುಡುಗರನ್ನು ಹೊಲದ ಕೆಲಸಕ್ಕೆ ಕಳುಹಿಸುತ್ತಿದ್ದರು. ಹಾಗೆ ಹಳ್ಳಿಗೆ ಹೋದ ಇವರು ಕೈಯಲ್ಲಿ ಹಾಲು ಕರೆಯುವುದರಲ್ಲಿ ಪಳಗಿದರು, ರೈತನಾಗಬೇಕೆಂದೂ ಆಸೆಪಟ್ಟರು. ಆದರೆ ಅಕ್ಕನ ಮಾತು ಕೇಳಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರಕ್ಕೆ ಸೇರಿದರು. ಓದಿನ ಖರ್ಚಿಗೆ ವೇಯ್ಟರ್ ಕೆಲಸವನ್ನೂ ಮಾಡಿದರು.

1927ರಲ್ಲಿ ಇನ್ಸುಲಿನ್‌ನಲ್ಲಿರುವ ಗಂಧಕದ ಬಗ್ಗೆ ಸಂಶೋಧನೆ ನಡೆಸಿ ಪಿಎಚ್‌ಡಿ ಪಡೆದರು. ಗಂಧಕದ ಬೆನ್ನು ಹತ್ತಿದ ಈ ದಾರಿಯೇ ಅವರನ್ನು ಆಕ್ಸಿಟೋಸಿನ್‌ಗೆ ತಂದಿತು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಹೊರಬರುವ ಈ ಹಾರ್ಮೋನು ಹೆರಿಗೆ ನೋವು ಬರಿಸುತ್ತದೆ, ಹಾಲು ಇಳಿಸುತ್ತದೆ ಎಂಬುದು ಆಗಲೇ ಗೊತ್ತಿತ್ತು. ಅದರೊಳಗೆ ಏನಿದೆ ಎಂಬುದು ಗೊತ್ತಿರಲಿಲ್ಲ.

ನ್ಯೂಯಾರ್ಕ್‌ನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಅವರ ತಂಡ ದನ, ಹಂದಿಗಳ ಗ್ರಂಥಿಗಳಿಂದ ಆಕ್ಸಿಟೋಸಿನ್ ಬೇರ್ಪಡಿಸಿತು. ಅದು 9 ಅಮೈನೋ ಆಮ್ಲಗಳ ಒಂದು ಪುಟ್ಟ ಸರಪಳಿ. ಗಂಧಕದ ಕೊಂಡಿ ಅದನ್ನು ಉಂಗುರದಂತೆ ಕಟ್ಟಿಹಾಕಿತ್ತು. 1953ರಲ್ಲಿ ಅದೇ ಅಣುವನ್ನು ಲ್ಯಾಬಿನಲ್ಲಿ ಜೋಡಿಸಿದರು. ಹೀಗೆ ತಯಾರಾದ ಮೊಟ್ಟಮೊದಲ ಪೆಪ್ಟೈಡ್ ಹಾರ್ಮೋನು ಇದು. ಬಾಣಂತಿಯರಿಗೆ ಕೊಟ್ಟು ನೋಡಿದಾಗ ಸಹಜ ಹಾರ್ಮೋನಿನಂತೆಯೇ ಹಾಲು ಇಳಿಸಿತು. 1955ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂತು. 1978ರಲ್ಲಿ ಅವರು ತೀರಿಕೊಂಡರು.

ಹಾಗಾದರೆ ಮೆಸೇಜ್ ನಿಜವೇ?

ಆಕ್ಸಿಟೋಸಿನ್ ಹಾಲನ್ನು ಉತ್ಪಾದಿಸುವುದಿಲ್ಲ. ಹಾಲು ಉತ್ಪಾದನೆ ಪ್ರೊಲ್ಯಾಕ್ಟಿನ್, ಬೆಳವಣಿಗೆ ಹಾರ್ಮೋನುಗಳು ಮತ್ತು ಮೇವು, ನೀರು, ತಳಿಯನ್ನು ಅವಲಂಬಿಸಿದೆ. ಕೆಚ್ಚಲಲ್ಲಿ ಈಗಾಗಲೇ ತುಂಬಿರುವ ಹಾಲನ್ನು ಹಿಂಡಿ ಕೆಳಗಿಳಿಸುವುದಷ್ಟೇ ಆಕ್ಸಿಟೋಸಿನ್ ಕೆಲಸ. ಚುಚ್ಚಿದಾಗ ಉಳಿಕೆ ಹಾಲೂ ಇಳಿಯುವುದರಿಂದ ಹೆಚ್ಚು ಸಿಕ್ಕಂತೆ ಕಾಣುತ್ತದೆ.

ಇದು ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ. ಹಾಲಿನಲ್ಲಿ ಅಲ್ಪಸ್ವಲ್ಪ ಇದ್ದರೂ ಪ್ರೋಟೀನಿನಂತೆ ನಮ್ಮ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಹೆಣ್ಣುಮಕ್ಕಳು ಮೈನೆರೆಯಲು ಕಾರಣ ಈಸ್ಟ್ರೋಜನ್‌ನಂಥ ಬೇರೆ ಹಾರ್ಮೋನುಗಳು, ಇದಲ್ಲ.

ಮೆಸೇಜಿನಲ್ಲಿ ನಿಜವಾದ ಭಾಗವೂ ಇದೆ. ಇಂಜೆಕ್ಷನ್ ದುರ್ಬಳಕೆ ನಡೆಯುತ್ತದೆ, ಆದರೆ ಪೆಟ್ಟು ಬೀಳುವುದು ಹಸುವಿಗೆ. ದಿನವೂ ಚುಚ್ಚಿದರೆ ಅದು ಇಂಜೆಕ್ಷನ್ ಇಲ್ಲದೆ ಹಾಲು ಇಳಿಸುವುದನ್ನೇ ಕಡಿಮೆ ಮಾಡುತ್ತದೆ. ಹಾಲಿಗಾಗಿ ಹಸುವಿನ ಆರೋಗ್ಯ ಕೆಡಿಸುವ ಇಂಜೆಕ್ಷನ್ ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಇಂಜೆಕ್ಷನ್ ಇಲ್ಲದೆಯೂ ದಾರಿಯಿದೆ. ಕರು ಬಾಯಿ ಹಾಕಿದರೆ, ಕೆಚ್ಚಲು ತೊಳೆದು ನೇವರಿಸಿದರೆ ಹಸುವಿನ ಮೆದುಳೇ ಆಕ್ಸಿಟೋಸಿನ್ ಬಿಡುತ್ತದೆ. ಹೆದರಿದರೆ ನಿಲ್ಲುತ್ತದೆ. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಹಸುವಿನ ಬೆನ್ನ ಮೇಲೆ ಬೆಕ್ಕನ್ನು ಕೂರಿಸಿ, ಕಾಗದದ ಚೀಲ ಒಡೆದು ಇದನ್ನು ತೋರಿಸಿದ್ದರು. ಹಾಗಾಗಿ ದಿನವೂ ಒಂದೇ ಹೊತ್ತು, ಗದ್ದಲವಿಲ್ಲದ ಕೊಟ್ಟಿಗೆ, ತಡಮಾಡದೆ ಕರೆಯುವ ಕೈ ಬೇಕು.

ತಾಯಂದಿರ ಔಷಧಿ

ಹೆರಿಗೆಯ ನಂತರ ರಕ್ತಸ್ರಾವ ತಡೆದು ತಾಯಂದಿರ ಜೀವ ಉಳಿಸುವುದೂ ಇದೇ ಆಕ್ಸಿಟೋಸಿನ್. ಹೈನುಗಾರಿಕೆಯ ದುರ್ಬಳಕೆಯನ್ನು ಮುಂದಿಟ್ಟು ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ, ದೇಶದ ಬಳಕೆಗೆ ಖಾಸಗಿ ಕಂಪನಿಗಳು ಇದನ್ನು ತಯಾರಿಸುವುದನ್ನು ನಿಷೇಧಿಸಿತು. ನಮ್ಮ ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಮಾತ್ರ ತಯಾರಿಸಬೇಕಿತ್ತು. ಆಸ್ಪತ್ರೆಗಳಿಗೆ ಔಷಧಿ ಸಿಗದಿದ್ದರೆ ತಾಯಂದಿರ ಗತಿ ಏನು ಎಂಬ ಪ್ರಶ್ನೆ ಎದ್ದಿತು. ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ನಿಷೇಧವನ್ನು ರದ್ದುಪಡಿಸಿತು.

ಆದ್ದರಿಂದ ಆ ಮೆಸೇಜ್ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ. ಮಕ್ಕಳಿಗೆ ಹಾಲು ಕಾಯಿಸಿ ಕೊಡಿ. ಹಸುವಿಗೆ ಚುಚ್ಚುವುದು ಕಂಡರೆ ಪಶುವೈದ್ಯರಿಗೆ ಅಥವಾ ಪೊಲೀಸರಿಗೆ ತಿಳಿಸಿ.