ಹೆನ್ರಿಯೆಟ್ ಸೊಂಟಾಗ್

ಹೆನ್ರಿಯೆಟ್ ಸೊಂಟಾಗ್ (ಜನವರಿ 3, 1806 – ಜೂನ್ 17, 1854) ಜರ್ಮನಿಯ ಪ್ರಸಿದ್ಧ ಸೊಪ್ರಾನೊ, ಅಂದರೆ ಸ್ತ್ರೀಕಂಠದ ಅತ್ಯುಚ್ಚ ಸ್ಥಾಯಿಯ ಗಾಯಕಿ. ಒಪೆರಾ ಎಂಬ ಸಂಗೀತ ನಾಟಕಗಳಲ್ಲಿ ಹೆಸರಾದ ಇವರು ಸಮಕಾಲೀನರಾದ ವೆಬರ್ ಮತ್ತು ಬೀಥೋವನ್ ಅವರ ಹೊಸ ಕೃತಿಗಳನ್ನು ಮೊದಲು ಹಾಡಿದವರಲ್ಲಿ ಒಬ್ಬರು.

ಜನನ ಮತ್ತು ಶಿಕ್ಷಣ

ಕೊಬ್ಲೆನ್ಜ್ ನಗರದಲ್ಲಿ ನಟರ ಕುಟುಂಬವೊಂದರಲ್ಲಿ ಜನಿಸಿದರು. ಪ್ರಾಗ್ ಸಂಗೀತ ಶಾಲೆಯಲ್ಲಿ ಶಿಕ್ಷಣ ಪಡೆದರು.

ವೃತ್ತಿಜೀವನ

1823ರ ಅಕ್ಟೋಬರ್ 25ರಂದು ವಿಯೆನ್ನಾದಲ್ಲಿ ವೆಬರ್ ಅವರ 'ಯೂರಿಯಾಂತೆ' ಒಪೆರಾದ ಪ್ರಥಮ ಪ್ರದರ್ಶನದಲ್ಲಿ ನಾಯಕಿಯ ಪಾತ್ರ ವಹಿಸಿದಾಗ ಇವರಿಗೆ ಕೇವಲ 17 ವರ್ಷ. 1824ರ ಮೇ 7ರಂದು ಅದೇ ನಗರದಲ್ಲಿ ಬೀಥೋವನ್ ಅವರ 9ನೆಯ ಸಿಂಫನಿ ಮೊದಲ ಬಾರಿಗೆ ನುಡಿದಾಗ ಅದರ ಸೊಪ್ರಾನೊ ಭಾಗವನ್ನು ಹಾಡಿದರು. ದೀರ್ಘಕಾಲ ತಾರಸ್ಥಾಯಿಯಲ್ಲೇ ನಿಲ್ಲಬೇಕಾದ ಆ ಭಾಗವು ಇಂದಿಗೂ ಗಾಯಕಿಯರಿಗೆ ಕಠಿಣ ಪರೀಕ್ಷೆಯೆನಿಸಿದೆ. ಮುಂದೆ ಬರ್ಲಿನ್, ಪ್ಯಾರಿಸ್ ಮತ್ತು ಲಂಡನ್ ನಗರಗಳಲ್ಲಿ ರೊಸ್ಸಿನಿಯವರ ಒಪೆರಾಗಳಿಂದ ಅಪಾರ ಜನಪ್ರಿಯತೆ ಗಳಿಸಿದರು.

ವಿವಾಹ ಮತ್ತು ಪುನರಾಗಮನ

ಸಾರ್ಡಿನಿಯಾ ರಾಜ್ಯದ ರಾಜತಾಂತ್ರಿಕ ಕೌಂಟ್ ಕಾರ್ಲೊ ರೊಸ್ಸಿ ಅವರನ್ನು ವಿವಾಹವಾದರು. ರಾಜತಾಂತ್ರಿಕನ ಪತ್ನಿ ರಂಗದ ಮೇಲೆ ಹಾಡುವುದು ಅಂದಿನ ಆಸ್ಥಾನ ಮರ್ಯಾದೆಗೆ ಒಪ್ಪುವಂತಿರಲಿಲ್ಲ. ಆದ್ದರಿಂದ ಮೊದಲು ವಿವಾಹವನ್ನು ಗೋಪ್ಯವಾಗಿಡಲಾಯಿತು. ಬಳಿಕ 1830ರಲ್ಲಿ, 24ನೆಯ ವಯಸ್ಸಿನಲ್ಲಿಯೇ, ಅವರು ಒಪೆರಾ ರಂಗವನ್ನು ತ್ಯಜಿಸಿದರು. 1848ರ ಕ್ರಾಂತಿಗಳ ನಂತರ ಕುಟುಂಬವು ಆರ್ಥಿಕ ಸಂಕಷ್ಟಕ್ಕೆ ಸಿಲುಕಿದಾಗ ಅದೇ ಕಂಠ ಆಸರೆಯಾಯಿತು. 1849ರಲ್ಲಿ ಲಂಡನ್ನಿನಲ್ಲಿ ಮತ್ತೆ ರಂಗವೇರಿದರು. 1852ರಲ್ಲಿ ಅಮೆರಿಕ ಪ್ರವಾಸ ಕೈಗೊಂಡರು.

ನಿಧನ

ಕಲಾಪ್ರವಾಸದಲ್ಲಿದ್ದಾಗಲೇ ಮೆಕ್ಸಿಕೊ ನಗರದಲ್ಲಿ ಕಾಲರಾ ರೋಗಕ್ಕೆ ತುತ್ತಾಗಿ, 48ನೆಯ ವಯಸ್ಸಿನಲ್ಲಿ ನಿಧನರಾದರು.